ಗ್ರಾಮಸಭೆಯೋ, ಮನೆ ಬಾಗಿಲೋ? ಊರವರ ಜೊತೆ ಮಾತಿಗೆ ಕೂರಲು ಯಾವ ದಾರಿ ಯಾವಾಗ

ಎರಡು ಬಕೆಟ್ ಕೊಟ್ಟಿದ್ದೆವು. ಹಸಿರು ಒಂದು, ನೀಲಿ ಒಂದು. ಹಸಿ ಕಸ ಇದಕ್ಕೆ, ಒಣ ಕಸ ಅದಕ್ಕೆ ಅಂತ ಗ್ರಾಮಸಭೆಯಲ್ಲಿ ಹೇಳಿ, ಕರಪತ್ರ ಹಂಚಿ, ಬೀದಿ ನಾಟಕವನ್ನೂ ಆಡಿಸಿ ಬಂದಿದ್ದೆವು. ಮೂರು ತಿಂಗಳು ಬಿಟ್ಟು ಅದೇ ಬೀದಿಗೆ ಹೋದೆ. ಮೊದಲನೇ ಮನೆಯಲ್ಲೇ ಹಸಿರು ಬಕೆಟ್ ತುಂಬ ರಾಗಿ ಹಿಟ್ಟು. ನೀಲಿ ಬಕೆಟ್ ಬಚ್ಚಲಲ್ಲಿ.

"ಒಳ್ಳೆ ಗಟ್ಟಿ ಬಕೆಟ್ ಮೇಡಂ, ಕಸಕ್ಕೆ ಯಾಕೆ ಹಾಳು ಮಾಡೋದು?" ಅಂದರು ಆ ಮನೆಯಾಕೆ.

"ಮತ್ತೆ ಕಸ ಎಲ್ಲಿಗೆ ಹಾಕ್ತೀರಮ್ಮ?"

"ಹಸಿ ಕಸ ನಮ್ಮನೇಲಿ ಎಲ್ಲಿ ಉಳಿಯುತ್ತೆ? ಸಿಪ್ಪೆ ಹಸು ತಿನ್ನುತ್ತೆ, ಮಿಕ್ಕಿದ್ದು ತಿಪ್ಪೆಗೆ. ಕವರ್‌ಗಳನ್ನ ಕೊಡೋಣ ಅಂದ್ರೆ ನಿಮ್ಮ ಗಾಡಿ ಬರೋದು ಹತ್ತು ಗಂಟೆಗೆ. ನಾನು ಎಂಟಕ್ಕೆಲ್ಲ ಕೂಲಿಗೆ ಹೋಗಿರ್ತೀನಿ."

ಅಷ್ಟೇ. ಆಕೆಗೆ ಅರಿವು ಮೂಡಿಸಲು ನಾವು ಮೂರು ತಿಂಗಳು ಓಡಾಡಿದ್ದೆವು. ಗಾಡಿಯ ಹೊತ್ತು ಬದಲಾಯಿಸಿದ್ದರೆ ಸಾಕಿತ್ತು.

ಹೊಸದಾಗಿ ಗೆದ್ದ ಪಂಚಾಯಿತಿ ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ), ಸಂಸ್ಥೆಗಳಲ್ಲಿ ಫೀಲ್ಡ್ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು, ಬಡಾವಣೆ ಸಂಘದವರು, ಎಲ್ಲರೂ ಕೇಳೋದು ಒಂದೇ ಮಾತು. "ಜನರನ್ನ ಸೇರಿಸಬೇಕು, ಏನು ಮಾಡೋಣ?" ಹೆಚ್ಚಿನವರು ತಮಗೆ ಯಾವುದು ಸುಲಭವೋ ಅದನ್ನು ಆರಿಸುತ್ತಾರೆ. ಸಭೆ ಕರೆಯುತ್ತಾರೆ, ಇಲ್ಲ ಆಟೋಗೆ ಮೈಕ್ ಕಟ್ಟಿ ಕಳಿಸುತ್ತಾರೆ. ಎರಡೂ ತಪ್ಪಲ್ಲ. ಆದರೆ ಒಂದೊಂದು ದಾರಿಯೂ ಒಂದೊಂದು ಕೆಲಸಕ್ಕೆ ಮಾತ್ರ ಆಗಿಬರುತ್ತದೆ. ಯಾವುದು ಎಲ್ಲಿ ಕೈ ಹಿಡಿಯುತ್ತೆ, ಎಲ್ಲಿ ಕೈ ಕೊಡುತ್ತೆ ಅನ್ನೋದನ್ನು ನನಗೆ ಕಂಡಷ್ಟು ಬರೆದಿದ್ದೇನೆ.

ಮೊದಲು ಎರಡು ಪ್ರಶ್ನೆ

ತೀರ್ಮಾನ ಆಗಿಹೋಗಿದೆಯಾ, ಇಲ್ಲ ಬದಲಾಯಿಸಲು ಇನ್ನೂ ಜಾಗ ಇದೆಯಾ? ಇದು ಮೊದಲನೇ ಪ್ರಶ್ನೆ. ಟೆಂಡರ್ ಮುಗಿದು ಗುತ್ತಿಗೆದಾರ ಜೆಸಿಬಿ ತಂದು ನಿಲ್ಲಿಸಿದ ಮೇಲೆ "ನಿಮ್ಮ ಅಭಿಪ್ರಾಯ ಹೇಳಿ" ಅಂತ ಸಭೆ ಕರೆದರೆ ಜನ ಐದು ನಿಮಿಷದಲ್ಲಿ ಪತ್ತೆ ಹಚ್ಚುತ್ತಾರೆ. ಆಮೇಲೆ ನಿಮ್ಮ ಮುಂದಿನ ಸಭೆಗೂ ಬರೋದಿಲ್ಲ. ಅಂಥ ಹೊತ್ತಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ. "ಚರಂಡಿ ಬರೋದು ಖಂಡಿತ. ಯಾವ ಕಡೆಯಿಂದ ಅಗೆಯೋಣ, ಮನೆ ಮುಂದೆ ಗುಂಡಿ ಇದ್ದಾಗ ಓಡಾಡಲು ಹಲಗೆ ಎಲ್ಲಿ ಹಾಕಿಸೋಣ, ಜಾತ್ರೆಗೆ ಮುಂಚೆ ಮುಗಿಸೋಣವಾ ಆಮೇಲೆ ಶುರು ಮಾಡೋಣವಾ, ಇಷ್ಟು ನಿಮ್ಮ ಕೈಲಿದೆ." ಇಷ್ಟಕ್ಕೇ ಜನ ಚೆನ್ನಾಗಿ ಮಾತಾಡುತ್ತಾರೆ.

ಬೆಂಗಳೂರಿನ ಸ್ಟೀಲ್ ಸೇತುವೆ ನೆನಪಿದೆಯಲ್ವಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಆರೂಮುಕ್ಕಾಲು ಕಿಲೋಮೀಟರ್ ಹತ್ತಿರದ ಯೋಜನೆ. ಎಂಟುನೂರಕ್ಕೂ ಹೆಚ್ಚು ಮರ ಕಡಿಯಬೇಕಿತ್ತು. ನಮ್ಮನ್ನು ಸರಿಯಾಗಿ ಕೇಳಲೇ ಇಲ್ಲ ಅನ್ನೋದು ಜನರ ದೊಡ್ಡ ಸಿಟ್ಟಾಗಿತ್ತು. 2016ರ ಅಕ್ಟೋಬರ್‌ನಲ್ಲಿ ಸಾವಿರಾರು ಜನ ರಸ್ತೆ ಬದಿ ಕೈ ಕೈ ಹಿಡಿದು ನಿಂತರು. "ಬೇಡ" ಅನ್ನೋ ಒಂದು ಕನ್ನಡ ಪದ ಊರಿಡೀ ಹರಡಿತು. 2017ರ ಮಾರ್ಚ್‌ನಲ್ಲಿ ಯೋಜನೆ ಕೈಬಿಟ್ಟರು. ಸೇತುವೆ ಬೇಕಿತ್ತೋ ಬೇಡವಾಗಿತ್ತೋ, ಆ ವಾದ ಬೇರೆ. ಮೊದಲು ಕೂತು ಆಡಬೇಕಾದ ಮಾತನ್ನು ಕೊನೆಗೆ ಬೀದಿಯಲ್ಲಿ ಆಡಬೇಕಾಯಿತು.

ಎರಡನೇ ಪ್ರಶ್ನೆ: ಜನರಿಂದ ನಿಮಗೆ ಬೇಕಾಗಿರೋದು ಮಾತೋ, ಅಭ್ಯಾಸವೋ? ಕೆರೆಯ ಹೂಳು ಎಲ್ಲಿಗೆ ಹಾಕೋಣ ಅನ್ನೋದಕ್ಕೆ ಮಾತು ಬೇಕು. ಕಸ ಬೇರೆ ಮಾಡೋದು, ಶೌಚಾಲಯ ಬಳಸೋದು, ಡೆಂಗಿ ಬರದ ಹಾಗೆ ನೀರಿನ ತೊಟ್ಟಿ ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜೋದು, ಇವೆಲ್ಲ ಅಭ್ಯಾಸ. ಸಭೆಯಲ್ಲಿ ಕೈ ಎತ್ತಿದವರು ಮನೆಗೆ ಹೋಗಿ ಹಾಗೇ ಮಾಡುತ್ತಾರೆ ಅಂತ ಲೆಕ್ಕ ಹಾಕಬೇಡಿ. ಎಷ್ಟೋ ಕಡೆ ಕೈ ಎತ್ತೋದು ಗಂಡಸು, ತೊಟ್ಟಿ ಉಜ್ಜೋದು ಹೆಂಗಸು.

ಗ್ರಾಮಸಭೆ, ವಾರ್ಡ್ ಸಭೆ

ನಮ್ಮ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಗ್ರಾಮಸಭೆಯ ದೊಡ್ಡ ಬಲ ಇರೋದು ಕಾಗದದಲ್ಲಿ. ಅಲ್ಲಿ ಆದ ತೀರ್ಮಾನ ನಡಾವಳಿ ಪುಸ್ತಕಕ್ಕೆ ಹೋಗುತ್ತದೆ. ನಾಳೆ ಯಾರಾದರೂ "ನಮ್ಮನ್ನು ಕೇಳಲಿಲ್ಲ" ಅಂದರೆ ತೋರಿಸಲು ಆಧಾರ ಇರುತ್ತದೆ. ದುಡ್ಡು ಖರ್ಚಾಗುವ, ಫಲಾನುಭವಿಗಳನ್ನು ಆರಿಸುವ, ಜಾಗ ಗುರುತಿಸುವ ಯಾವ ಕೆಲಸವೇ ಆಗಲಿ, ಇದನ್ನು ಬಿಟ್ಟು ಬೇರೆ ದಾರಿ ಹಿಡಿಯಬೇಡಿ.

ಆದರೆ ಒಂದು ಗ್ರಾಮಸಭೆಯನ್ನು ಹತ್ತಿರದಿಂದ ನೋಡಿ. ಸಮುದಾಯ ಭವನದ ಮುಂದೆ ಶಾಮಿಯಾನ. ಹನ್ನೊಂದಕ್ಕೆ ಅಂದದ್ದು ಹನ್ನೆರಡೂವರೆಗೆ ಶುರು. ಬಾಗಿಲಲ್ಲೇ ಸಹಿ ಪುಸ್ತಕ. ಸಹಿ ಹಾಕಿ ಹಾಗೇ ಹೊರಟವರ ಬೈಕಿನ ಸದ್ದು ಒಳಗೆ ಕೇಳುತ್ತದೆ. ಮುಂದಿನ ಎರಡು ಸಾಲು ಕುರ್ಚಿ ಊರ ಮುಖಂಡರಿಗೆ. ಹೆಂಗಸರು ಹಿಂದೆ ಗೋಡೆಗೆ ಒರಗಿ ನಿಂತಿರುತ್ತಾರೆ. ಮೊದಲ ಒಂದೂವರೆ ಗಂಟೆ ವಸತಿ ಮನೆ ಪಟ್ಟಿಯ ಗಲಾಟೆ. ನಿಮ್ಮ ಕಸದ ವಿಷಯಕ್ಕೆ ಸರದಿ ಬರುವಾಗ ಟೀ ಮುಗಿದಿರುತ್ತೆ, ಅರ್ಧ ಜನ ಎದ್ದಿರುತ್ತಾರೆ. "ಸರ್ವಾನುಮತದಿಂದ ಒಪ್ಪಲಾಯಿತು" ಅಂತ ಬರೆದುಕೊಂಡು ಎಲ್ಲರೂ ಊಟಕ್ಕೆ ಹೊರಡುತ್ತಾರೆ.

ಇದನ್ನು ಸ್ವಲ್ಪ ಸರಿ ಮಾಡಬಹುದು. ವಾರ್ಡ್ ಸಭೆಯನ್ನು ಗಟ್ಟಿ ಮಾಡಿ. ಅಲ್ಲಿ ಬರೋದು ಮೂವತ್ತು ನಲವತ್ತು ಜನ, ಎಲ್ಲರೂ ಅಕ್ಕಪಕ್ಕದವರು, ಮಾತಾಡಲು ಅಷ್ಟು ಸಂಕೋಚ ಇರಲ್ಲ. ನಿಮ್ಮ ವಿಷಯವನ್ನು ಅಲ್ಲೇ ಮಾತಾಡಿ ಮುಗಿಸಿ ಗ್ರಾಮಸಭೆಗೆ ತನ್ನಿ. ಗ್ರಾಮಸಭೆ ಮುದ್ರೆ ಒತ್ತಲಿ ಸಾಕು. ಇನ್ನು ಹೊತ್ತು. ಬೆಳಿಗ್ಗೆ ಹನ್ನೊಂದು ಗಂಟೆ ಅಂದರೆ ಅಧಿಕಾರಿಗಳಿಗೆ ಹೊಂದುವ ಹೊತ್ತು. ಕೂಲಿಗೆ ಹೋಗುವವರು, ಗಾರ್ಮೆಂಟ್ಸ್ ಬಸ್ ಹತ್ತುವವರು ಆ ಹೊತ್ತಿಗೆ ಊರಲ್ಲೇ ಇರಲ್ಲ. ಸಂಜೆ ಅಂದರೆ ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ. ನಾವಂತೂ ಡೇರಿ ಮುಂದೆಯೇ ವಾರ್ಡ್ ಸಭೆ ಮಾಡಿದ್ದುಂಟು. ಹಾಲಿನ ಕ್ಯಾನ್ ಹಿಡಿದು ಸಾಲಲ್ಲಿ ನಿಂತವರು ಅಲ್ಲೇ ನಿಂತು ಮಾತಾಡಿದರು.

ಜಾಗದ ಬಗ್ಗೆ ಇನ್ನೊಂದು ಮಾತು. ಅರಳಿ ಕಟ್ಟೆ, ದೇವಸ್ಥಾನದ ಅಂಗಳ ನೋಡಲು ಚೆಂದ, ಫೋಟೋಗೂ ಚೆಂದ. ಆದರೆ ಆ ಕಟ್ಟೆ ಮೇಲೆ ಯಾರು ಕೂರುತ್ತಾರೆ, ಯಾರು ದೂರ ನಿಲ್ಲುತ್ತಾರೆ ಅನ್ನೋದು ಊರವರಿಗೆ ಗೊತ್ತು. ನೀವು ಕೇಳಿದರೆ "ಈಗ ಅವೆಲ್ಲ ಇಲ್ಲ ಬಿಡಿ" ಅಂತಾರೆ. ಸುಮ್ನೆ ಶಾಲೆ ಅಂಗಳದಲ್ಲಿ ಇಟ್ಟುಕೊಳ್ಳಿ. ಕಾಲೋನಿಯವರೂ ಬಂದು ಬೆಂಚಿನ ಮೇಲೆ ಕೂರುತ್ತಾರೆ.

ಚಿಕ್ಕ ಗುಂಪು, ನೆಲದ ಮೇಲಿನ ನಕ್ಷೆ

ಯೋಜನೆ ಇನ್ನೂ ಕಾಗದದ ಮೇಲಿದ್ದು, ಬದಲಾಯಿಸಲು ಜಾಗ ಇದ್ದಾಗ ನನ್ನ ಮೊದಲ ಆಯ್ಕೆ ಇದೇ. ಖರ್ಚು ಕಮ್ಮಿ, ಫಲ ಜಾಸ್ತಿ. ಬೇಕಾಗಿರೋದು ರಂಗೋಲಿ ಪುಡಿ, ನಾಲ್ಕು ಬಣ್ಣ, ಬೇವಿನ ಎಲೆ, ಕಲ್ಲು, ಮತ್ತೆ ತಾಳ್ಮೆ.

ಕೆರೆ ಕೆಲಸವನ್ನೇ ತೆಗೆದುಕೊಳ್ಳಿ. ಒಂದು ಕೆರೆಗೆ ಎಷ್ಟು ಮಂದಿ ವಾರಸುದಾರರು! ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹಾಯುವ ಜಮೀನಿನ ರೈತರಿಗೆ ತೂಬು ತೆಗೆಯಬೇಕು, ಮೀನು ಹಿಡಿಯೋ ಗುತ್ತಿಗೆಯವರಿಗೆ ನೀರು ನಿಲ್ಲಬೇಕು. ಕುರಿಯವರಿಗೆ ದಡ ಬೇಕು, ಅಗಸರಿಗೆ ಸೋಪಾನ ಬೇಕು. ಕೆರೆ ಅಂಗಳ ಒತ್ತುವರಿ ಮಾಡಿದವರಿಗೆ ಸರ್ವೆಯೇ ಬೇಡ. ಇವರನ್ನೆಲ್ಲ ಒಂದೇ ಶಾಮಿಯಾನದ ಕೆಳಗೆ ಕೂರಿಸಿದರೆ ಅಚ್ಚುಕಟ್ಟಿನ ದೊಡ್ಡ ರೈತರ ಮಾತೇ ಊರ ಮಾತಾಗುತ್ತದೆ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ರಾಜ್ಯದಲ್ಲಿ ಕೆರೆ ಯೋಜನೆ ಶುರುವಾದಾಗ ಜಲ ಸಂವರ್ಧನೆ ಯೋಜನಾ ಸಂಘ ಊರೂರಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿತು. ಆ ಯೋಚನೆ ಸರಿಯಾಗಿಯೇ ಇತ್ತು. ಆದರೆ ಇಂಥ ಸಂಘ ಎಲ್ಲೇ ಆಗಲಿ, ನಿಲ್ಲೋದೂ ಬೀಳೋದೂ ಒಳಗೆ ಯಾರ ಮಾತು ನಡೆಯುತ್ತೆ ಅನ್ನೋದರ ಮೇಲೆ.

ಅದಕ್ಕೇ ಮೊದಲು ಬೇರೆ ಬೇರೆಯಾಗಿ ಕೂತುಕೊಳ್ಳಿ. ಒಂದು ಊರಲ್ಲಿ ನಾವು ಭೂಮಿ ಇಲ್ಲದ ಹೆಂಗಸರ ಜೊತೆ ಕೂತು ನೆಲದ ಮೇಲೆ ಕೆರೆ ಬರೆಸಿದೆವು. ಏರಿಗೆ ಕೆಂಪು ಪುಡಿ, ನೀರಿಗೆ ನೀಲಿ. ಮೊದಲ ಹತ್ತು ನಿಮಿಷ ಯಾರೂ ಪುಡಿ ಮುಟ್ಟಲಿಲ್ಲ, ನಗುತ್ತಾ ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಆಮೇಲೆ ಒಬ್ಬ ಅಜ್ಜಿ ಮುಂದೆ ಬಂದು, ಇಂಜಿನಿಯರ್ ಹೂಳೆತ್ತಲು ಗುರುತು ಮಾಡಿದ್ದ ಜಾಗದಲ್ಲಿ ಒಂದು ಕಲ್ಲಿಟ್ಟರು. "ಇಲ್ಲಿ ಆಳಕ್ಕೆ ತೋಡಿದರೆ ದನ ಇಳಿಯುತ್ತೆ, ಮೇಲೆ ಬರಲ್ಲ. ಮಗು ಬಿದ್ದರೂ ಅಷ್ಟೇ." ಅಂದಾಜು ಪಟ್ಟಿಯಲ್ಲಿ ಎಷ್ಟು ಘನ ಮೀಟರ್ ಮಣ್ಣು ಅಂತ ಇತ್ತೇ ಹೊರತು ಇಳಿಜಾರು ಎಲ್ಲಿ ಅಂತ ಇರಲಿಲ್ಲ. ಮಾರನೇ ವಾರ ಎಲ್ಲ ಗುಂಪೂ ಸೇರಿದ ಸಭೆಯಲ್ಲಿ ಆ ಅಜ್ಜಿಯ ಮಾತನ್ನು ಕೆರೆ ನೀರು ಬಿಡುವ ನೀರುಗಂಟಿಯೇ ಎತ್ತಿ ಹೇಳಿದ. ಅಜ್ಜಿಯೇ ಹೇಳಿದ್ದರೆ ಕೇಳುತ್ತಿದ್ದರಾ? ನನಗೆ ಅನುಮಾನ. ಅಜ್ಜಿ ಕಲ್ಲಿಟ್ಟ ದಕ್ಷಿಣದ ದಡ ಇಳಿಜಾರಾಗಿಯೇ ಉಳಿಯಿತು.

ಈ ದಾರಿಯ ಕೊರತೆ ಸಮಯ. ನಾಲ್ಕು ಗುಂಪು ಅಂದರೆ ನಾಲ್ಕು ಸಂಜೆ, ಆಮೇಲೆ ಒಂದು ದೊಡ್ಡ ಸಭೆ. ಮೇಲಿನವರು "ಮಾರ್ಚ್ ಒಳಗೆ ದುಡ್ಡು ಖರ್ಚು ಮಾಡಿ" ಅಂತ ಕೂತಿದ್ದರೆ ಇದಕ್ಕೆ ಜಾಗ ಇರೋದಿಲ್ಲ. ನಕ್ಷೆ ಬರೆಸಿ ಅದರಿಂದ ಏನೂ ಬದಲಾಗದಿದ್ದರೆ ಜನ ಅದನ್ನು ಆಟ ಅಂದುಕೊಳ್ಳುತ್ತಾರೆ. ಬದಲಾಯಿಸುವ ಅಧಿಕಾರ ಇರುವ ಒಬ್ಬರಾದರೂ, ಕನಿಷ್ಠ ಸೆಕ್ಷನ್ ಇಂಜಿನಿಯರ್ ಆದರೂ, ಅಲ್ಲಿ ನೆಲದ ಮೇಲೆ ಕೂತಿರಬೇಕು. ಕುರ್ಚಿ ಮೇಲಲ್ಲ.

ಮನೆ ಬಾಗಿಲು

ಅಭ್ಯಾಸ ಬದಲಾಗಬೇಕು ಅಂದರೆ ಕೊನೆಗೆ ಎಲ್ಲ ದಾರಿಯೂ ಮನೆ ಬಾಗಿಲಿಗೇ ಬರುತ್ತದೆ. ಪೋಲಿಯೊ ಹನಿಯನ್ನು ನೆನಪಿಸಿಕೊಳ್ಳಿ. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಬೂತ್‌ಗೆ ಬಂದವರಿಗೆ ಹನಿ ಹಾಕಿದ್ದಷ್ಟೇ ಸಾಲಲಿಲ್ಲ. ಬೂತ್ ದಿನ ಮುಗಿದ ಮೇಲೆ ಕಾರ್ಯಕರ್ತೆಯರು ಮನೆ ಮನೆಗೆ ಹೋದರು, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಮಕ್ಕಳಿಗೆಲ್ಲ ಹನಿ ಸಿಕ್ಕಿದ ಮನೆಗೆ ಒಂದು ಗುರುತು, ಮಗು ತಪ್ಪಿಹೋದ ಮನೆಗೆ ಇನ್ನೊಂದು. ತಪ್ಪಿದ ಮನೆಗೆ ಮತ್ತೆ ಹೋದರು. ದೇಶದ ಕೊನೆಯ ಪ್ರಕರಣ 2011ರ ಜನವರಿಯದು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಆ ಸೀಮೆಸುಣ್ಣದ ಗುರುತಿನಿಂದ ನಾನು ಕಲಿತದ್ದು ಒಂದೇ: ಒಂದು ಸಲ ಹೋದರೆ ಸಾಲದು, ಯಾವ ಮನೆಗೆ ಮತ್ತೆ ಹೋಗಬೇಕು ಅಂತ ಬರೆದಿಟ್ಟುಕೊಳ್ಳಬೇಕು.

ಖರ್ಚಿನ ಲೆಕ್ಕ ಹೀಗೆ. ಒಬ್ಬರು ಬೆಳಿಗ್ಗೆ ಸಂಜೆ ಸೇರಿ ದಿನಕ್ಕೆ 20ರಿಂದ 25 ಮನೆ ಮಾಡಬಹುದು. ಅದಕ್ಕಿಂತ ಜಾಸ್ತಿ ಅಂತ ವರದಿ ಬಂದರೆ ಅವರು ಬಾಗಿಲಲ್ಲಿ ಕರಪತ್ರ ಕೊಟ್ಟು ಬಂದಿದ್ದಾರೆ ಅಂತ ತಿಳಿಯಿರಿ. 400 ಮನೆಯ ಊರಿಗೆ ಇಬ್ಬರಿದ್ದರೆ ಎಂಟರಿಂದ ಹತ್ತು ದಿನ. ಮೂರು ಸುತ್ತು ಹೋಗಬೇಕು ಅಂದರೆ ಒಂದು ತಿಂಗಳು. ಸಭೆಗಿಂತ ದುಬಾರಿ, ನಿಜ. ಆದರೆ ಬಳಸದ ಬಕೆಟ್‌ಗೆ ಹಾಕಿದ ದುಡ್ಡಿನ ಮುಂದೆ ಇದು ಏನೂ ಅಲ್ಲ.

ಯಾರು ಹೋಗಬೇಕು? ಹೊರಗಿನ ಟೀ ಶರ್ಟ್ ಹುಡುಗರು ಬೇಡ. ಎಲ್ಲರೂ ಕಣ್ಣು ಹಾಯಿಸೋದು ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಕಡೆಗೆ. ಅವರ ಮಾತನ್ನು ಜನ ಕೇಳುತ್ತಾರೆ ಅನ್ನೋದು ಸರಿ. ಆದರೆ ಅವರ ತಲೆ ಮೇಲೆ ಈಗಲೇ ಹತ್ತು ರಿಜಿಸ್ಟರ್ ಇವೆ. ಹನ್ನೊಂದನೆಯದು ನಿಮ್ಮದಾಗೋದು ಬೇಡ. ಕಸದ ವಿಷಯಕ್ಕೆ ನನಗೆ ಒಳ್ಳೆಯವರು ಅನ್ನಿಸಿದ್ದು ಸಂಜೀವಿನಿ ಅನ್ನೋ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸದಸ್ಯೆಯರು, ಅದರಲ್ಲೂ ಪಂಚಾಯಿತಿಯ ಕಸದ ಗಾಡಿ ಸ್ವಚ್ಛ ವಾಹಿನಿ ಓಡಿಸುವ ಹೆಣ್ಣುಮಕ್ಕಳು. ಯಾವ ಮನೆಯವರು ಏನು ಕೊಡುತ್ತಾರೆ, ಯಾರು ಕವರ್ ಒಳಗೆ ಕವರ್ ಸುತ್ತಿ ಡೈಪರ್ ಬಚ್ಚಿಡುತ್ತಾರೆ, ಎಲ್ಲ ಅವರಿಗೆ ಗೊತ್ತು. ಗಾಡಿ ನಿಲ್ಲಿಸಿ "ಅಕ್ಕಾ, ಇದನ್ನ ಬೇರೆ ಪೇಪರ್‌ನಲ್ಲಿ ಸುತ್ತಿ ಕೊಡ್ರಿ, ನಾನೇ ಕೈಲಿ ಬಿಡಿಸಬೇಕು" ಅಂದರೆ ಸಾಕು, ಮರುದಿನವೇ ಬೇರೆಯಾಗಿ ಬರುತ್ತದೆ. ಆ "ನಾನೇ ಕೈಲಿ" ಅನ್ನೋ ಮಾತನ್ನು ನಮ್ಮ ಯಾವ ಕರಪತ್ರವೂ ಹೇಳಿರಲಿಲ್ಲ.

ಏನು ಕೇಳಬೇಕು ಅನ್ನೋದೂ ಮುಖ್ಯ. "ಕಸ ಬೇರೆ ಮಾಡ್ತೀರಾ?" ಅಂದರೆ ಎಲ್ಲರೂ ಹೂಂ ಅಂತಾರೆ. "ಶೌಚಾಲಯ ಬಳಸ್ತೀರಾ?" ಅಂದರೂ ಹೂಂ. ಹಾಗೆ ಕೇಳಬೇಡಿ. "ನಿನ್ನೆ ಕಸ ಎಲ್ಲಿ ಹಾಕಿದ್ರಿ?" ಅನ್ನಿ. "ತೋರಿಸ್ತೀರಾ?" ಅನ್ನಿ. ಶೌಚಾಲಯದ ಬಾಗಿಲ ಹಿಂದೆ ಸೌದೆ ಇದೆಯಾ, ನೀರಿನ ಚೊಂಬು ಇದೆಯಾ ಅನ್ನೋದು ಅಲ್ಲೇ ಕಾಣುತ್ತದೆ. ಸೌದೆ ಇದ್ದರೆ ಬೈಯಬೇಡಿ. ಗುಂಡಿ ತುಂಬಿಬಿಡುತ್ತೆ ಅನ್ನೋ ಭಯವೋ, ನೀರು ಹೊರೋದು ಯಾರು ಅನ್ನೋ ಪ್ರಶ್ನೆಯೋ, ಕೇಳಿ. ಎರಡಕ್ಕೂ ಉತ್ತರ ಬೇರೆ ಬೇರೆ.

ಬೀದಿ ನಾಟಕ, ಆಟೋ ಮೈಕ್, ಗೋಡೆ ಬರಹ

ಇವು ಸುದ್ದಿ ಮುಟ್ಟಿಸಲು. ಅಷ್ಟೇ. "ನಾಳೆ ಲಸಿಕೆ ಇದೆ", "ಬುಧವಾರ ನೀರು ಬರಲ್ಲ" ಅನ್ನೋದಕ್ಕೆ ಆಟೋ ಮೈಕ್‌ಗಿಂತ ಒಳ್ಳೇದು ಇಲ್ಲ. ಹಿಂದೆ ಡಂಗುರ ಸಾರುತ್ತಿದ್ದದ್ದೂ ಇದಕ್ಕೇ. ಗೋಡೆ ಬರಹವನ್ನು ಯಾರೂ ಓದೋದಿಲ್ಲ ಅಂತ ನನ್ನ ಗುಮಾನಿ. ಬರೆಸಿದವರು ಫೋಟೋ ತೆಗೆದುಕೊಳ್ಳುತ್ತಾರೆ.

ಬೀದಿ ನಾಟಕದ ಬಗ್ಗೆ ನನಗೆ ಪ್ರೀತಿ ಇದೆ. 1975ರಲ್ಲಿ ಹುಟ್ಟಿದ "ಸಮುದಾಯ" ಅನ್ನೋ ರಂಗತಂಡದಂಥ ತಂಡಗಳು ಬೀದಿಯಲ್ಲಿ ನಿಂತು ಪ್ರಶ್ನೆ ಕೇಳಿದ ನಾಡು ನಮ್ಮದು. ಆದರೆ ಇಲಾಖೆ ಕೊಟ್ಟ ವಿಷಯಕ್ಕೆ ಇಪ್ಪತ್ತು ನಿಮಿಷದಲ್ಲಿ ಕುಡುಕನೊಬ್ಬ ಬಂದು, ಹೆಂಡತಿ ಬೈದು, ಡಾಕ್ಟರ್ ಬುದ್ಧಿ ಹೇಳಿ, ಎಲ್ಲರೂ ಹಾಡಿ ಮುಗಿಸುವ ನಾಟಕ ನೋಡಿ ಜನ ನಗುತ್ತಾರೆ, ಎದ್ದು ಹೋಗುತ್ತಾರೆ. ನಾಟಕ ಮುಗಿದ ಅರ್ಧ ಗಂಟೆ ತುಂಬ ಬೆಲೆಯದು. ಗುಂಪು ಇನ್ನೂ ಚದುರಿರಲ್ಲ, ಎಲ್ಲರ ಬಾಯಲ್ಲೂ ಅದೇ ಮಾತು ಇರುತ್ತೆ. ಆಗಲೇ ಕೂತು ಮಾತಾಡಿ. ನಾವು ಹೆಚ್ಚಿನ ಸಲ ಆ ಹೊತ್ತಲ್ಲಿ ಬ್ಯಾನರ್ ಬಿಚ್ಚುತ್ತಾ ಇರುತ್ತೇವೆ.

ವಾಟ್ಸಾಪ್ ಗುಂಪು

ಪಟ್ಟಣದ ಬಡಾವಣೆಗಳಲ್ಲಿ ಈಗ ಮೊದಲು ಹುಟ್ಟೋದು ಇದೇ. ಪೈಪ್ ಒಡೆದಿದೆ, ಬೀದಿ ದೀಪ ಹೋಗಿದೆ, ಗಾಡಿ ಬಂದಿಲ್ಲ, ಇಂಥದ್ದಕ್ಕೆ ಇದರಷ್ಟು ಬೇಗ ಮತ್ಯಾವುದೂ ಇಲ್ಲ. ಫೋಟೋ ಸಮೇತ ದೂರು ಹೋಗುತ್ತದೆ, ಸಂಬಂಧಪಟ್ಟವರು ನೋಡಿದ್ದಾರೆ ಅನ್ನೋದೂ ಕಾಣುತ್ತದೆ.

ತೀರ್ಮಾನಕ್ಕೆ ಮಾತ್ರ ಬಳಸಬೇಡಿ. ಇನ್ನೂರು ಜನರ ಗುಂಪಲ್ಲಿ ಮಾತಾಡೋದು ಎಂಟು ಜನ. ಅವರಲ್ಲಿ ಇಬ್ಬರಿಗೆ ಹಳೇ ಜಗಳ. ಪಾರ್ಕಿಂಗ್ ಬಗ್ಗೆ ಮತ ಹಾಕಿಸಿದ ಒಂದು ಬಡಾವಣೆಯಲ್ಲಿ "ಬಹುಮತ" ಬಂತು. ಆದರೆ ಆ ರಸ್ತೆಯಲ್ಲಿ ದಿನಾ ತಳ್ಳುಗಾಡಿ ನಿಲ್ಲಿಸುವ ತರಕಾರಿಯವರು, ಮನೆಗೆಲಸಕ್ಕೆ ಬರುವವರು ಆ ಗುಂಪಲ್ಲೇ ಇರಲಿಲ್ಲ. ಹಳ್ಳಿಯಲ್ಲಿ ಇನ್ನೊಂದು ತೊಡಕು. ಮನೆಗೆ ಒಂದೇ ಸ್ಮಾರ್ಟ್ ಫೋನ್ ಇದ್ದರೆ ಅದು ಮಗನ ಜೇಬಲ್ಲಿ. ಬಳಸುವುದಾದರೆ ಉದ್ದುದ್ದ ಬರೆದು ಕಳಿಸಬೇಡಿ, ಒಂದು ನಿಮಿಷದ ದನಿ ಸಂದೇಶ ಕಳಿಸಿ, ಅದೂ ಊರವರದೇ ದನಿಯಲ್ಲಿ. ಓದಲು ಬಾರದ ಅಜ್ಜಿಯೂ ಮೊಮ್ಮಗನ ಕೈಲಿ ಎರಡು ಸಲ ಹಾಕಿಸಿ ಕೇಳುತ್ತಾರೆ.

ಮಕ್ಕಳ ಮೂಲಕ

"ಮಕ್ಕಳು ಹೇಳಿದರೆ ದೊಡ್ಡವರು ಕೇಳುತ್ತಾರೆ" ಅನ್ನೋ ಮಾತನ್ನು ಅರ್ಧ ನಂಬಿ. ಮಕ್ಕಳ ಗ್ರಾಮಸಭೆ ನನಗೆ ಇಷ್ಟ. ಶಾಲೆ ಶೌಚಾಲಯಕ್ಕೆ ಚಿಲಕ ಇಲ್ಲ, ಬಸ್ ನಿಲ್ಲಿಸಲ್ಲ, ದಾರಿಯಲ್ಲಿ ಮದ್ಯದ ಅಂಗಡಿ ಇದೆ ಅಂತ ಅವರು ಹೇಳುವ ಹಾಗೆ ದೊಡ್ಡವರು ಹೇಳಲ್ಲ. ಅವರ ಕಷ್ಟ ಕೇಳಲು ಅವರನ್ನು ಕರೆಯಿರಿ. ಬಯಲಿಗೆ ಹೋಗುವವರನ್ನು ಸೀಟಿ ಊದಿ ಓಡಿಸಲು, ಅಪ್ಪನ ಮೇಲೆ ಚಾಡಿ ಹೇಳಲು ಮಕ್ಕಳನ್ನು ಬಳಸಬೇಡಿ. ಆ ಮಗು ಸಂಜೆ ಅದೇ ಮನೆಗೆ ಹೋಗಬೇಕು.

ದಂಡ ಮತ್ತು ನಾಚಿಕೆ

ಊರವರೇ ತಮ್ಮ ಬಯಲು ಶೌಚದ ಜಾಗಗಳನ್ನು ನಕ್ಷೆಯಲ್ಲಿ ತೋರಿಸಿ, ಅಲ್ಲಿಗೆ ನಡೆದು ಹೋಗಿ, ಹೇಸಿಗೆ ಹುಟ್ಟಿ ತಾವೇ ಬದಲಾಗುವ ಕ್ರಮ ಒಂದಿದೆ. 2000ದ ಸುಮಾರಿಗೆ ಬಾಂಗ್ಲಾದೇಶದಲ್ಲಿ ಕಮಲ್ ಕರ್ ಅವರು ರೂಪಿಸಿದ್ದು. ಊರಿನವರೇ ನೋಡಿ, ಊರಿನವರೇ ತೀರ್ಮಾನ ಮಾಡೋದು ಅದರ ತಿರುಳು. ನಮ್ಮಲ್ಲಿಗೆ ಬರುವಾಗ ಎಷ್ಟೋ ಕಡೆ ತಿರುಳು ಹೋಗಿ ಸೀಟಿ, ಟಾರ್ಚು, ಫೋಟೋ ಉಳಿದವು. ಚೊಂಬು ಹಿಡಿದು ಹೊರಟ ಹೆಂಗಸಿನ ಫೋಟೋ ತೆಗೆಯೋದು ಜಾಗೃತಿ ಅಲ್ಲ, ಅದು ಅವಮಾನ. ಅವಮಾನ ಆದವರು ಶೌಚಾಲಯ ಕಟ್ಟಿಸೋದಿಲ್ಲ, ಇನ್ನೂ ಕತ್ತಲಲ್ಲಿ ಇನ್ನೂ ದೂರ ಹೋಗುತ್ತಾರೆ.

ದಂಡದ ಕತೆ ಸ್ವಲ್ಪ ಬೇರೆ. ಬೆಂಗಳೂರಲ್ಲಿ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ "ಎರಡು ಡಬ್ಬ, ಒಂದು ಚೀಲ" ಆದೇಶ ಕೊಟ್ಟಿತು. ಹಸಿ ಕಸಕ್ಕೆ ಹಸಿರು ಡಬ್ಬ, ಡೈಪರ್ ಮುಂತಾದ್ದಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಅಲ್ಲಿಯವರೆಗೆ ಒಂದೊಂದು ವಾರ್ಡಿನವರು ಒಂದೊಂದು ರೀತಿ ಹೇಳುತ್ತಿದ್ದರು. ಒಂದೇ ಮಾತು, ಒಂದೇ ಬಣ್ಣ ಅಂತ ಆಗಿದ್ದೇ ಆದೇಶದ ದೊಡ್ಡ ಉಪಕಾರ. ನಿಯಮ ಎಲ್ಲರಿಗೂ ಗೊತ್ತಿದ್ದು, ಗಾಡಿ ದಿನಾ ಬರುತ್ತಿದ್ದು, ಆದರೂ ಒಬ್ಬ ಕಾರಲ್ಲಿ ಬಂದು ಮೂಲೆಗೆ ಕಸ ಎಸೆದು ಹೋದರೆ ಅವನಿಗೆ ದಂಡ ಹಾಕಿ. ಗಾಡಿಯೇ ಬರದ ಬೀದಿಯಲ್ಲಿ ದಂಡ ಹಾಕೋದು ಅನ್ಯಾಯ. 2025ರ ಅಕ್ಟೋಬರ್ ಕೊನೆಗೆ ಬೆಂಗಳೂರಲ್ಲಿ "ಕಸ ಸುರಿಯುವ ಹಬ್ಬ" ಅಂತ, ಬೀದಿಗೆ ಎಸೆದವರ ಮನೆ ಮುಂದೆಯೇ ಕಸ ತಂದು ಸುರಿದರು. ಟೀವಿಗೆ ಒಳ್ಳೆ ದೃಶ್ಯ. ಎಸೆಯುವವರು ಇದಕ್ಕೆಲ್ಲ ಅಭ್ಯಾಸ ಬಿಡುತ್ತಾರೆ ಅನ್ನೋ ಭರವಸೆ ನನಗಿಲ್ಲ, ಹೊತ್ತು ಬದಲಾಯಿಸುತ್ತಾರೆ ಅಷ್ಟೇ. ಕಸ ಬೀಳುವ ಮೂಲೆಯನ್ನು ಗುಡಿಸಿ, ರಂಗೋಲಿ ಹಾಕಿ, ಒಂದು ವಾರ ಯಾರಾದರೂ ಅಲ್ಲಿ ನಿಂತು "ಯಾಕಣ್ಣ, ಗಾಡಿ ಸಿಗಲಿಲ್ವಾ?" ಅಂತ ಕೇಳೋದು ನಿಧಾನ. ಆದರೆ ಉತ್ತರ ಸಿಗುತ್ತದೆ.

ಇಲ್ಲೇ ಇನ್ನೊಂದು ಮಾತು. ನಾವು ಕೇಳೋದು ಕಸ ಹಾಕುವವರನ್ನು. ಕಸ ಹೋಗಿ ಬೀಳುವ ಊರವರನ್ನು ಕೇಳೋದು ಕಮ್ಮಿ. ಬೆಂಗಳೂರಿನ ಕಸ ಸುರಿಯುತ್ತಿದ್ದ ಹೊರವಲಯದ ಮಂಡೂರಿಗೆ ಲಾರಿ ಹೋಗೋದು ನಿಂತದ್ದು 2014ರ ಕೊನೆಗೆ, ಊರವರು ದಾರಿಗೆ ಇಳಿದ ಮೇಲೆ. ನಿಮ್ಮ ಪಂಚಾಯಿತಿಯ ಕಸ ವಿಲೇವಾರಿ ಘಟಕಕ್ಕೆ ಜಾಗ ನೋಡುವಾಗ ಪಕ್ಕದ ಮನೆಯವರ ಜೊತೆ ಮೊದಲೇ ಕೂತುಕೊಳ್ಳಿ. ಬೇರೆ ಕಡೆ ನಡೆಯುತ್ತಿರುವ ಘಟಕಕ್ಕೆ ಅವರನ್ನು ಒಂದು ದಿನ ಕರೆದುಕೊಂಡು ಹೋಗಿ. ವಾಸನೆ ಇದೆಯಾ ಇಲ್ಲವಾ ಅನ್ನೋದು ಭಾಷಣದಲ್ಲಿ ತಿಳಿಯೋದಿಲ್ಲ.

ಸಾರ್ವಜನಿಕ ಅಹವಾಲು ಸಭೆ

ಗಣಿ, ಕಾರ್ಖಾನೆ, ದೊಡ್ಡ ಅಣೆಕಟ್ಟಿನಂಥ ಯೋಜನೆಗಳಿಗೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಈ ಸಭೆ ನಡೆಯುತ್ತದೆ. ನಡೆಸೋದು ಮಾಲಿನ್ಯ ನಿಯಂತ್ರಣ ಮಂಡಳಿ. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ತಿಳಿಸಬೇಕು. ಇದು ನೀವು ಆರಿಸಿಕೊಳ್ಳುವ ದಾರಿ ಅಲ್ಲ, ನಿಮ್ಮ ಊರಿಗೆ ಬರುವ ದಾರಿ. ಆದ್ದರಿಂದ ಇಲ್ಲಿ ಊರವರ ಪರವಾಗಿ ಎರಡು ಮಾತು.

ಈ ಸಭೆಗೆ ಕೋರಂ ಇಲ್ಲ, ಅಂದರೆ ಕನಿಷ್ಠ ಇಷ್ಟು ಜನ ಇರಲೇಬೇಕು ಅಂತಿಲ್ಲ. ಯಾರೂ ಬರದಿದ್ದರೂ ಸಭೆ ನಡೆದಂತೆಯೇ ಲೆಕ್ಕ. ಬಹಿಷ್ಕಾರ ಹಾಕಿದರೆ ನಿಂತೇ ಹೋಗುತ್ತೆ ಅಂತ ತಿಳಿಯಬೇಡಿ. ಇಲ್ಲಿ ಮತ ಹಾಕುವುದೂ ಇಲ್ಲ, ಹೇಳಿದ್ದನ್ನು ದಾಖಲೆ ಮಾಡುತ್ತಾರೆ. ಅದರಿಂದ ಕೂಗಾಡಿ ಬರುವ ಬದಲು, ಯಾವ ಸರ್ವೆ ನಂಬರಿನ ಯಾವ ಹಳ್ಳ, ಎಷ್ಟು ಬೋರ್‌ವೆಲ್, ಲಾರಿ ಹೋಗುವ ದಾರಿಯಲ್ಲಿ ಯಾವ ಶಾಲೆ ಅಂತ ಬರೆದುಕೊಂಡು ಹೋಗಿ, ಬರಹದಲ್ಲೂ ಕೊಡಿ. ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು ಅಂತ ನಿಯಮವಿದೆ. ಊಟದ ಪೊಟ್ಟಣ ಬಂತು ಅಂತ ಎದ್ದು ಹೋಗಬೇಡಿ. ನೀವು ಹೇಳಿದ್ದು ಅದರಲ್ಲಿ ಇಲ್ಲದಿದ್ದರೆ ಎದ್ದು ನಿಂತು "ಸ್ವಾಮಿ, ನಮ್ಮ ಹಳ್ಳದ ಮಾತು ಬಿಟ್ಟುಹೋಗಿದೆ" ಅನ್ನಬೇಕಾದ ಹೊತ್ತು ಅದೇ.

ಹಾಗಾದರೆ ಯಾವುದು?

ನಿಮ್ಮ ಕೈಲಿ ಹದಿನೈದು ದಿನ, ಸ್ವಲ್ಪವೇ ದುಡ್ಡು ಇದೆ, ವಿಷಯ ಅಭ್ಯಾಸದ್ದು ಅನ್ನಿ. ಸಭೆ, ನಾಟಕ ಎರಡನ್ನೂ ಬಿಡಿ. ಇಡೀ ಊರಿನ ಆಸೆಯನ್ನೂ ಬಿಡಿ. ಎರಡು ಬೀದಿ ಹಿಡಿದುಕೊಳ್ಳಿ. ಮೊದಲ ಮೂರು ದಿನ ಏನೂ ಹೇಳದೆ ಬರೀ ಕೇಳಿ, ಏನು ಅಡ್ಡಿ ಅಂತ ಬರೆದುಕೊಳ್ಳಿ. ಬೇಗ ಸರಿ ಮಾಡಬಹುದಾದ ಒಂದು ಅಡ್ಡಿಯನ್ನು ಆ ವಾರದಲ್ಲೇ ಸರಿ ಮಾಡಿ. ಆಮೇಲೆ ಬಾಗಿಲಿಗೆ ಹೋಗಿ ಮಾತಾಡಿ. ಪಕ್ಕದ ಬೀದಿಯವರು "ನಮ್ಮ ಕಡೆ ಯಾವಾಗ?" ಅಂತ ಕೇಳುತ್ತಾರೆ.

ವಿಷಯ ಯೋಜನೆಯದ್ದಾಗಿ, ಸಮಯ ಇದ್ದರೆ ಚಿಕ್ಕ ಗುಂಪು, ಆಮೇಲೆ ವಾರ್ಡ್ ಸಭೆ, ಕೊನೆಗೆ ಗ್ರಾಮಸಭೆ. ಸಮಯ ಇಲ್ಲದಿದ್ದರೆ ಕನಿಷ್ಠ ಯಾರಿಗೆ ಜಾಸ್ತಿ ತೊಂದರೆ ಆಗುತ್ತೋ ಅವರ ಮನೆಗೆ ಹೋಗಿ ಕೂತು ಬನ್ನಿ. ತುರ್ತು ಸುದ್ದಿಗೆ ಆಟೋ ಮೈಕ್ ಮತ್ತು ವಾಟ್ಸಾಪ್, ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ಬಯಸಬೇಡಿ.

ಯಾವ ದಾರಿ ಹಿಡಿದರೂ ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಒಂದಿದೆ. ತಿರುಗಿ ಹೋಗಿ ಹೇಳೋದು. ನಾವು ಈಗ ಪಂಚಾಯಿತಿ ಕಚೇರಿ ಮುಂದಿನ ಕರಿ ಹಲಗೆಯಲ್ಲಿ ಮೂರು ಕಾಲಂ ಬರೆಸುತ್ತೇವೆ. ನೀವು ಹೇಳಿದ್ದು. ನಾವು ಮಾಡಿದ್ದು. ಮಾಡಲು ಆಗದ್ದು, ಯಾಕೆ. ಮೂರನೇ ಕಾಲಂ ಬರೆಯಲು ಕಾರ್ಯದರ್ಶಿ ಮೊದಲು ಒಪ್ಪಲಿಲ್ಲ, ಜಗಳಕ್ಕೆ ಬರುತ್ತಾರೆ ಅಂದರು. ಬಂದರು ಕೂಡ, ಇಬ್ಬರು. ರಾಗಿ ಹಿಟ್ಟಿನ ಬಕೆಟ್‌ನ ಆ ಮನೆಯಾಕೆಯೂ ಒಂದು ದಿನ ಬಂದು, ಮಗಳ ಕೈಲಿ ಮೂರೂ ಕಾಲಂ ಓದಿಸಿಕೊಂಡರು. ಗಾಡಿಯ ಹೊತ್ತು ಎರಡನೇ ಕಾಲಂನಲ್ಲಿತ್ತು, ಬೆಳಿಗ್ಗೆ ಆರೂವರೆ. "ಆರೂವರೆ ಅಂತ ಬರೆದಿದ್ದೀರ," ಅಂದರು, "ಸೋಮವಾರ ಏಳೂಕಾಲಿಗೆ ಬಂತು." ಹಲಗೆ ಪಕ್ಕ ಇದ್ದ ಸೀಮೆಸುಣ್ಣ ತೆಗೆದು ಮಗಳ ಕೈಗೆ ಕೊಟ್ಟರು. ಅವಳು ಮೊದಲ ಕಾಲಂನಲ್ಲಿ ಅದನ್ನೂ ಬರೆದಳು.